ಸೈಡರ್‌ಗೆ ಮ್ಯಾಲಿಕ್ ಆಮ್ಲ: ಯಾವಾಗ, ಎಷ್ಟು

ಮನೆಯಲ್ಲಿ ಸೈಡರ್ (ಸೇಬಿನ ರಸವನ್ನು ಹುದುಗಿಸಿ ಮಾಡುವ ಪಾನೀಯ) ತಯಾರಿಸುವವರು ಮ್ಯಾಲಿಕ್ ಆಮ್ಲದ ಪುಡಿಯನ್ನು ಎರಡು ಬೇರೆ ಬೇರೆ ಉದ್ದೇಶಗಳಿಗೆ ಬಳಸುತ್ತಾರೆ. ಹುದುಗುವ ಮೊದಲು ಹಾಕುವುದು ರಸ ಕೆಡದಿರಲೆಂದು. ಹುದುಗಿದ ಮೇಲೆ ಹಾಕುವುದು ರುಚಿಗೆಂದು. ಮೊದಲನೆಯದಕ್ಕೆ ಪಿಹೆಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ನೋಡಬೇಕು, ಎರಡನೆಯದಕ್ಕೆ ಒಟ್ಟು ಆಮ್ಲದ ಪ್ರಮಾಣ ಮತ್ತು ನಾಲಿಗೆ. ಇವೆರಡನ್ನು ಒಂದೇ ಎಂದು ಭಾವಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಸೇಬಿನ ಸಹಜ ಹುಳಿಯೇ ಮ್ಯಾಲಿಕ್ ಆಮ್ಲ. 1785ರಲ್ಲಿ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ ಅದನ್ನು ಮೊದಲು ಬೇರ್ಪಡಿಸಿದ್ದು ಸೇಬಿನ ರಸದಿಂದಲೇ. ಆದರೆ ತಳಿಯಿಂದ ತಳಿಗೆ ಅದರ ಪ್ರಮಾಣ ಬಹಳ ಬದಲಾಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ವರ್ಗೀಕರಣದ ಪ್ರಕಾರ, ರಸದಲ್ಲಿ ಶೇ. 0.45ಕ್ಕಿಂತ ಹೆಚ್ಚು ಆಮ್ಲವಿದ್ದರೆ ಆ ಸೇಬು ಹುಳಿಯ ಗುಂಪಿಗೆ ಸೇರುತ್ತದೆ. ಕಿಂಗ್‌ಸ್ಟನ್ ಬ್ಲ್ಯಾಕ್ ತಳಿಯಲ್ಲಿ ಆಮ್ಲ ಸುಮಾರು ಶೇ. 0.6 ಇದ್ದರೆ, ಡ್ಯಾಬಿನೆಟ್‌ನಲ್ಲಿ ಶೇ. 0.2ರ ಆಸುಪಾಸು ಮಾತ್ರ. ಹೀಗಾಗಿ ಡ್ಯಾಬಿನೆಟ್ ಒಂದನ್ನೇ ಹಿಂಡಿದರೆ ರಸದ ಪಿಹೆಚ್ ಹಲವು ಸಲ 4ನ್ನು ದಾಟುತ್ತದೆ. ಬ್ರ್ಯಾಮ್ಲಿಯಂತಹ ಹುಳಿ ಸೇಬು ಕೈಗೆ ಸಿಗುವುದಾದರೆ ಅದರ ರಸವನ್ನು ಬೆರೆಸುವುದೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಅದು ಸಿಗದಿದ್ದಾಗ ಪುಡಿಯ ಮೊರೆ ಹೋಗಬಹುದು.

ಹುದುಗುವ ಮೊದಲು ಪಿಹೆಚ್ 3.2ರಿಂದ 3.8ರೊಳಗೆ ಇರಬೇಕು. 3.8ಕ್ಕಿಂತ ಮೇಲಿದ್ದರೆ, ರಸ ಕೆಡದಂತೆ ಬೆರೆಸುವ ಸಲ್ಫೈಟ್‌ನ ಶಕ್ತಿ ಕುಂದುತ್ತದೆ, ಬೇಡದ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾಗುತ್ತದೆ. ಒಂದು ಗ್ರಾಂ ಪುಡಿಗೆ ಪಿಹೆಚ್ ಎಷ್ಟು ಇಳಿಯುತ್ತದೆ ಎಂಬುದು ಆಯಾ ರಸವನ್ನು ಅವಲಂಬಿಸಿರುವುದರಿಂದ, ಲೀಟರಿಗೆ ಒಂದು ಗ್ರಾಂನಂತೆ ಹಾಕಿ, ಚೆನ್ನಾಗಿ ಕಲಕಿ, ಮತ್ತೆ ಅಳೆದು ಮುಂದುವರಿಯಬೇಕು.

ಒಟ್ಟು ಆಮ್ಲವನ್ನು ಅನುಮಾಪನದಿಂದ, ಎಂದರೆ ಆಮ್ಲ ತಟಸ್ಥವಾಗಲು ಎಷ್ಟು ಕ್ಷಾರ ಬೇಕೆಂದು ಅಳೆದು, ತಿಳಿಯುತ್ತೇವೆ. 10 ಮಿಲಿಲೀಟರ್ ಸೈಡರ್ ತೆಗೆದುಕೊಂಡು, ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗುವಂತೆ ಬಿಸಿಮಾಡಿ ಆರಿಸಿ (ಇಲ್ಲವಾದರೆ ಆ ಅನಿಲವೂ ಆಮ್ಲವಾಗಿ ಲೆಕ್ಕಕ್ಕೆ ಬರುತ್ತದೆ), ಬಣ್ಣ ಬದಲಾಗಿ ಸೂಚನೆ ಕೊಡುವ ಫಿನಾಲ್ಫ್ತಲೀನ್ ಕೆಲವು ಹನಿ ಸೇರಿಸಿ, 0.1 ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಬ್ಯೂರೆಟ್ (ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) ಮೂಲಕ ಹನಿಹನಿಯಾಗಿ ಬಿಡಬೇಕು. ಮಸುಕು ಗುಲಾಬಿ ಬಣ್ಣ ಬಂದು ನಿಂತಾಗ ಬ್ಯೂರೆಟ್ ಓದಬೇಕು. ಮ್ಯಾಲಿಕ್ ಆಮ್ಲದ ಅಣುತೂಕ 134, ಒಂದು ಅಣುವಿನಲ್ಲಿ ಎರಡು ಆಮ್ಲೀಯ ಗುಂಪುಗಳು. ಆದ್ದರಿಂದ ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರಿಗೆ 0.67 ಗ್ರಾಂ ಆಮ್ಲವೆಂದು ಲೆಕ್ಕ. ಉದಾಹರಣೆಗೆ 5.2 ಮಿಲಿಲೀಟರ್ ಖರ್ಚಾದರೆ ಲೀಟರಿಗೆ ಸುಮಾರು 3.5 ಗ್ರಾಂ. ಅದನ್ನು 5 ಗ್ರಾಂಗೆ ಏರಿಸಬೇಕೆಂದರೆ 5 ಲೀಟರ್ ಸೈಡರ್‌ಗೆ 7.5 ಗ್ರಾಂ ಪುಡಿ ಬೇಕು.

ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಈನೋಕಾಕಸ್ ಈನಿಯಂತಹ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಎರಡು ಆಮ್ಲೀಯ ಗುಂಪುಗಳಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುವುದರಿಂದ, ಲೀಟರಿಗೆ 6 ಗ್ರಾಂ ಇದ್ದ ಹುಳಿ ಈ ಕ್ರಿಯೆ ಪೂರ್ಣಗೊಂಡಾಗ 3 ಗ್ರಾಂನಷ್ಟಕ್ಕೆ ಇಳಿಯುತ್ತದೆ. ಆದರೆ ಮ್ಯಾಲಿಕ್ ಆಮ್ಲಕ್ಕೆ ಎಲ್ ಮತ್ತು ಡಿ ಎಂಬ, ಕನ್ನಡಿಯ ಪ್ರತಿಬಿಂಬದಂತಿರುವ ಎರಡು ರೂಪಗಳಿವೆ; ಸೇಬಿನಲ್ಲಿರುವುದು ಎಲ್-ಮ್ಯಾಲಿಕ್ ಆಮ್ಲ ಮಾತ್ರ. ಅಂಗಡಿಯ ಪುಡಿ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಡಿಎಲ್ ಮಿಶ್ರಣ, ಎಂದರೆ ಅದರಲ್ಲಿ ಅರ್ಧ ಡಿ-ರೂಪದ್ದು. ಈ ಬ್ಯಾಕ್ಟೀರಿಯಾಗಳು ಡಿ-ರೂಪವನ್ನು ಮುಟ್ಟುವುದಿಲ್ಲ. ಹಾಗಾಗಿ ಲೀಟರಿಗೆ 2 ಗ್ರಾಂ ಪುಡಿ ಹಾಕಿದ್ದರೆ 1 ಗ್ರಾಂ ಹಾಗೆಯೇ ಉಳಿದು, ಮಿಕ್ಕ 1 ಗ್ರಾಂನ ಹುಳಿ ಮಾತ್ರ ಅರ್ಧವಾಗುತ್ತದೆ.

ರುಚಿಗಾಗಿ ಹಾಕುವ ಪುಡಿಯನ್ನು, ಈ ಕಾರಣಕ್ಕೆ, ಬ್ಯಾಕ್ಟೀರಿಯಾಗಳ ಕೆಲಸ ಮುಗಿದು ಸೈಡರ್ ತಿಳಿಯಾದ ನಂತರವೇ ಹಾಕುವುದು ಸರಿ. ಇಂಗ್ಲೆಂಡಿನ ತಂಪು ಕೊಠಡಿಗಳಲ್ಲಿ ಆ ಕ್ರಿಯೆ ಅನೇಕ ವೇಳೆ ವಸಂತದ ಬಿಸಿಲು ಏರುವವರೆಗೂ ಕಾಯುತ್ತದೆ. ಹಾಕುವ ಮುನ್ನ 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಆಗುವಂತೆ ಮಾಡಿಟ್ಟುಕೊಳ್ಳಿ; 100 ಮಿಲಿಲೀಟರ್ ಸೈಡರ್‌ಗೆ ಈ ದ್ರಾವಣದ 1 ಮಿಲಿಲೀಟರ್ ಸೇರಿಸಿದರೆ ಲೀಟರಿಗೆ 1 ಗ್ರಾಂ ಸೇರಿಸಿದಂತೆ. ನಾಲ್ಕು ಲೋಟಗಳಲ್ಲಿ ಸೊನ್ನೆ, ಅರ್ಧ, ಒಂದು, ಒಂದೂವರೆ ಮಿಲಿಲೀಟರ್ ಬೆರೆಸಿ ಕುಡಿದು ನೋಡಿ, ಹಿಡಿಸಿದ ಪ್ರಮಾಣವನ್ನೇ ಇಡೀ ಪಾತ್ರೆಗೆ ಲೆಕ್ಕಹಾಕಿ.