ಕೂದಲೆಳೆಯಷ್ಟು ತಪ್ಪು: ಚಾವಿ ಇಲ್ಲದೆ ಕೀಲಿ ತೆಗೆಯುವ ವಿಜ್ಞಾನ

ಹುಬ್ಬಳ್ಳಿ-ಧಾರವಾಡದ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಚಾವಿ ಅಥವಾ ಕೀಲಿಕೈ. ಮೈಸೂರು ಕಡೆಯವರಿಗೆ ಮೊದಲನೆಯದು ಬೀಗ. ಅವರ ಬಾಯಲ್ಲಿ ‘ಕೀಲಿ’ ಬಂದರೆ ಎಷ್ಟೋ ಸಲ ಅದು ಚಾವಿಯೇ ಆಗಿರುತ್ತದೆ. ಗೊಂದಲ ಬೇಡ, ಇಲ್ಲಿ ನಮ್ಮ ಕಡೆಯ ಮಾತೇ ನಡೆಯಲಿ.

ಚಾವಿ ಇಲ್ಲದೆ, ಒಡೆಯದೆ, ಕೊರೆಯದೆ ಕೀಲಿ ತೆಗೆಯುವುದು ಹಲವು ದೇಶಗಳಲ್ಲಿ ಚದುರಂಗದಂಥ ಹವ್ಯಾಸ. ಜರ್ಮನಿಯಲ್ಲಿ 1997ರಿಂದ ಇದಕ್ಕೊಂದು ಸಂಘವೇ ಇದೆ. ವಿಡಿಯೊ ನೋಡಿ ಆಸೆಪಟ್ಟವರು ನಮ್ಮಲ್ಲಿ ಮೊದಲು ಎಡವುವುದು ಕೈಚಳಕದಲ್ಲಿ ಅಲ್ಲ, ಅಂಗಡಿಯಲ್ಲೇ. ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಒಂದು ಹಿತ್ತಾಳೆ ಕೀಲಿ ಕೊಂಡು ತಂದು, ವಿಡಿಯೊದಲ್ಲಿ ಕಂಡಂಥ ಕೊಕ್ಕೆ ಹಾಕಿ ವಾರಗಟ್ಟಲೆ ಕೆರೆದರೂ ಅದು ಮಿಸುಕುವುದಿಲ್ಲ. ಕಾರಣ ಸರಳ: ವಿಡಿಯೊದ್ದು ಪಿನ್ನಿನ ಕೀಲಿ, ಕೈಯಲ್ಲಿರುವುದು ಲಿವರ್ ಕೀಲಿ, ಅಂದರೆ ಪಿನ್ನಿನ ಬದಲು ಚಾವಿ ಎತ್ತುವ ಲೋಹದ ಪಟ್ಟಿಗಳಿರುವಂಥದ್ದು. ಅಲಿಗಢದಿಂದ ಬರುವ ನಮ್ಮ ಮಾಮೂಲಿ ತೂಗುಕೀಲಿಗಳಲ್ಲಿ ಬಹುಪಾಲು ಲಿವರ್ ಜಾತಿಯವು. ‘6 ಲಿವರ್’, ‘7 ಲಿವರ್’ ಎಂದು ಮೈಮೇಲೆ ಕೊರೆದಿರುವುದು ಅದನ್ನೇ.

ಜಾತಿ ಗೊತ್ತಾಗಲು ಕೀಲಿ ಬಿಚ್ಚಬೇಕಿಲ್ಲ, ಚಾವಿ ನೋಡಿದರೆ ಸಾಕು. ದುಂಡನೆಯ ಕಡ್ಡಿ, ಅದರ ತುದಿಗೆ ಬಾವುಟದಂತೆ ಒಂದು ತುಂಡು, ಆ ತುಂಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಇದ್ದರೆ ಅದು ಲಿವರ್. ಚಪ್ಪಟೆ ಚಾವಿ, ಒಂದು ಅಂಚಿಗೆ ಗರಗಸದಂಥ ಏರಿಳಿತ, ಪಕ್ಕೆಯಲ್ಲಿ ಉದ್ದಕ್ಕೆ ಗೀರು ಇದ್ದರೆ ಪಿನ್ನು. ತೆಳ್ಳಗಿದ್ದು ಎರಡೂ ಅಂಚಿಗೆ ಕಚ್ಚು ಇದ್ದರೆ ಮೇಜಿನ ಖಾನೆ, ಅಂಚೆ ಡಬ್ಬಿಗಳಲ್ಲಿ ಬರುವ ಎಲೆ ಕೀಲಿ ಇರಬಹುದು. ಅದರಲ್ಲಿ ಪಿನ್ನಿನ ಬದಲು ತೆಳು ತಗಡಿನ ಎಲೆಗಳಿರುತ್ತವೆ. ಕಲಿಯಲು ಬೇಕಾದದ್ದು ಎರಡನೆಯದು, ಪಿನ್ನಿನ ಕೀಲಿ. ಚಾವಿಯ ಅಂಚಿನ ತಗ್ಗುಗಳನ್ನು ಎಣಿಸಿ: ನಾಲ್ಕು ತಗ್ಗು ಇದ್ದರೆ ನಾಲ್ಕು ಪಿನ್ನು. ನಾಲ್ಕೈದು ಪಿನ್ನಿನ, 40 ಮಿ.ಮೀ. ಅಗಲದ ಗಟ್ಟಿ ಹಿತ್ತಾಳೆಯ ಕೀಲಿ ಶುರುಮಾಡಲು ಸರಿ. ತೀರಾ ಅಗ್ಗದ್ದು ಬೇಡ. ಅದರ ಒಳಗೆಲ್ಲ ಗಡಗಡ ಎನ್ನುವುದರಿಂದ ಅಲುಗಾಡಿಸಿದರೇ ತೆರೆದುಕೊಳ್ಳುತ್ತದೆ, ಕೈ ಏನನ್ನೂ ಕಲಿಯುವುದಿಲ್ಲ.

ಇನ್ನು ಒಳಗಿನ ವ್ಯವಸ್ಥೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಮಾದರಿಯೇ ಇಂದಿಗೂ ನಡೆಯುತ್ತಿದೆ. ಒಂದು ಗಟ್ಟಿ ಕವಚ, ಅದರೊಳಗೆ ಚಾವಿಯ ಜೊತೆ ತಿರುಗುವ ಸಿಲಿಂಡರ್. ಕವಚದಿಂದ ಸಿಲಿಂಡರಿನವರೆಗೆ ಸಾಲಾಗಿ ತೂತುಗಳು. ಪ್ರತಿ ತೂತಿನಲ್ಲೂ ಮೇಲೆ ಒಂದು ಸ್ಪ್ರಿಂಗ್, ಅದರ ಕೆಳಗೆ ಮೇಲ್ಪಿನ್ನು, ಅದರ ಕೆಳಗೆ ಚಾವಿಗೆ ತಾಗುವ ಕೆಳಪಿನ್ನು. ಚಾವಿ ಇಲ್ಲದಾಗ ಮೇಲ್ಪಿನ್ನು ಅರ್ಧ ಕವಚದಲ್ಲಿ, ಅರ್ಧ ಸಿಲಿಂಡರಿನಲ್ಲಿ ಕಾಲಿಟ್ಟು ನಿಂತಿರುತ್ತದೆ. ಹೀಗಾಗಿ ಸಿಲಿಂಡರ್ ತಿರುಗದು. ಸರಿಯಾದ ಚಾವಿ ಹೋದರೆ ಪ್ರತಿ ಕೆಳಪಿನ್ನೂ ತನಗೆ ಬೇಕಾದಷ್ಟೇ ಏರಿ, ಎರಡು ಪಿನ್ನುಗಳ ನಡುವಿನ ಸಂದು ಸಿಲಿಂಡರಿನ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಆ ಅಂಚನ್ನು ಗಡಿಗೆರೆ ಎನ್ನೋಣ. ಎಲ್ಲ ಸಂದುಗಳೂ ಒಟ್ಟಿಗೆ ಗಡಿಗೆರೆಗೆ ಬಂದರೆ ಮಾತ್ರ ತಿರುಗಾಟ.

ಐದು ಪಿನ್ನು, ಪ್ರತಿಯೊಂದಕ್ಕೂ ಆರು ಎತ್ತರ ಎಂದಿಟ್ಟುಕೊಳ್ಳಿ. ಆರನ್ನು ಐದು ಸಲ ಗುಣಿಸಿದರೆ 7,776 ಬಗೆಯ ಚಾವಿಗಳು. ಒಂದೊಂದಾಗಿ ಹಾಕಿ ನೋಡುವುದು ಆಗದ ಮಾತು. ಆದರೆ ಪಿನ್ನುಗಳು ಒಂದೊಂದಾಗಿ ‘ನನ್ನದು ಮುಗಿಯಿತು’ ಎಂದು ಹೇಳಿಬಿಟ್ಟರೆ? ಆಗ ಗುಣಾಕಾರ ಹೋಗಿ ಸಂಕಲನ ಬರುತ್ತದೆ: ಆರು ಐದಲೆ ಮೂವತ್ತು. 7,776 ಎಲ್ಲಿ, 30 ಎಲ್ಲಿ! ಈ ಹವ್ಯಾಸದ ಗುಟ್ಟೆಲ್ಲ ಇಷ್ಟೇ.

ಪಿನ್ನುಗಳು ಹಾಗೆ ಬೇರೆ ಬೇರೆಯಾಗಿ ಹೇಳುವುದು ಹೇಗೆ? ಕಾರ್ಖಾನೆಯ ಕೂದಲೆಳೆ ತಪ್ಪಿನಿಂದ. ಡ್ರಿಲ್ಲಿನಲ್ಲಿ ಕೊರೆದ ತೂತುಗಳು ಎಷ್ಟೇ ನಿಗಾ ಇಟ್ಟರೂ ಒಂದೇ ಸರಳರೇಖೆಯಲ್ಲಿ ಬರುವುದಿಲ್ಲ. ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟು ಆಚೀಚೆ ಆಗಿಯೇ ಆಗುತ್ತದೆ. ಪಿನ್ನುಗಳ ದಪ್ಪವೂ ಅಷ್ಟೇ. ಸಿಲಿಂಡರನ್ನು ಮೆಲ್ಲಗೆ ತಿರುವಿದಾಗ ಐದೂ ಪಿನ್ನು ಒಟ್ಟಿಗೆ ಸಿಕ್ಕಿಕೊಳ್ಳದೆ, ಹೆಚ್ಚು ಅಡ್ಡ ಬಂದ ಒಂದು ಮಾತ್ರ ಬಿಗಿಯುತ್ತದೆ. ಉಳಿದ ನಾಲ್ಕು ಸ್ಪ್ರಿಂಗಿನ ಮೇಲೆ ಆಡುತ್ತಿರುತ್ತವೆ. ಬಿಗಿದದ್ದನ್ನು ಹುಡುಕಿ ಮೇಲಕ್ಕೆತ್ತಿದರೆ ಅದರ ಸಂದು ಗಡಿಗೆರೆಗೆ ಬಂದ ಕ್ಷಣ ಸಿಲಿಂಡರ್ ಕಾಣದಷ್ಟು ಜಾರುತ್ತದೆ. ‘ಟಿಕ್’ ಎಂಬ ಸದ್ದು. ಸದ್ದಿಗಿಂತ ಬೆರಳಿಗೊಂದು ನಡುಕ. ಮೇಲ್ಪಿನ್ನು ಈಗ ಸಿಲಿಂಡರಿನ ಅಂಚಿನ ಮೇಲೆ ಕೂತಿದೆ, ಇಳಿಯದು. ಆಮೇಲೆ ಬಿಗಿಯುವುದು ಎರಡನೆಯ ಅಡ್ಡ ಪಿನ್ನು. ಕ್ರಮ ಒಂದು, ಎರಡು, ಮೂರು ಎಂದೇ ಇರಬೇಕಿಲ್ಲ. 3, 1, 4, 2, 5 ಎಂದೂ ಇರಬಹುದು. ಪ್ರತಿ ಕೀಲಿಗೂ ತನ್ನದೇ ಕ್ರಮ. ನೂರಕ್ಕೆ ನೂರು ನಿಖರವಾದ ಕೀಲಿ ಮಾಡಲು ಬರುವಂತಿದ್ದರೆ ಈ ವಿದ್ಯೆಯೇ ಇರುತ್ತಿರಲಿಲ್ಲ.

ಸಾಧನ ಎರಡೇ: ಸಿಲಿಂಡರನ್ನು ತಿರುವಿ ಹಿಡಿಯಲು ತಿರುವುಕಡ್ಡಿ, ಪಿನ್ನು ಎತ್ತಲು ಕೊಕ್ಕೆ. ಕಾರಿನ ಹಳೆ ವೈಪರ್ ರಬ್ಬರಿನ ಪಕ್ಕದಲ್ಲಿ ಎರಡು ಉದ್ದನೆಯ ಸ್ಟೀಲ್ ಪಟ್ಟಿಗಳಿರುತ್ತವೆ. ಗ್ಯಾರೇಜಿನವರು ಎಸೆಯುವ ಮಾಲು, ತಿರುವುಕಡ್ಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಏಳು ಸೆಂಟಿಮೀಟರ್ ತುಂಡು ಮಾಡಿ, ತುದಿಯ 8-10 ಮಿ.ಮೀ.ಯನ್ನು ಪಕ್ಕಡದಲ್ಲಿ ಹಿಡಿದು ಲಂಬವಾಗಿ ಬಗ್ಗಿಸಿ. ಬಿಸಿ ಮಾಡಬೇಡಿ, ಸ್ಪ್ರಿಂಗ್ ಗುಣ ಹೋಗುತ್ತದೆ. ಕೊಕ್ಕೆಗೆ 12 ಇಂಚಿನ ಹ್ಯಾಕ್ಸಾ ಬ್ಲೇಡ್ ನಡೆಯುತ್ತದೆ, ದಪ್ಪ 0.63 ಮಿ.ಮೀ., ಸಾಮಾನ್ಯ ಚಾವಿತೂತಿಗೆ ಹೋಗುವಷ್ಟು. ಗ್ರೈಂಡರಿನಲ್ಲಿ ಮೊದಲು ಹಲ್ಲು ತೆಗೆದು, ದಂಡದ ಎತ್ತರ ಎರಡೂವರೆ ಮಿ.ಮೀ. ಉಳಿಸಿ, ತುದಿಗೆ ಒಂದೂವರೆ ಮಿ.ಮೀ. ಮೇಲೇಳುವ ದುಂಡು ಮೂಗು ಬಿಡಿ. ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಲೇಬೇಕು. ಲೋಹ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತು. ಆ ಕೊಕ್ಕೆ ಮೊದಲ ದಿನವೇ ಬಾಗುತ್ತದೆ. ಬ್ಲೇಡ್ ಸಿಡಿಯುವ ವಸ್ತು, ಕಣ್ಣಿಗೆ ಕನ್ನಡಕ ಇರಲಿ. ಕೊನೆಗೆ 400, 800, 1200ರ ವಾಟರ್ ಪೇಪರಿನಲ್ಲಿ ತಿಕ್ಕಿ ನುಣುಪು ಮಾಡಿ. ಒರಟು ಕೊಕ್ಕೆ ಪಿನ್ನಿನ ಮೇಲೆ ಕೆರೆಯುವ ನಡುಕದಲ್ಲಿ ನಿಮಗೆ ಬೇಕಾದ ನಡುಕ ಮುಚ್ಚಿಹೋಗುತ್ತದೆ. ಗರಗಸದಂಥ ಅಲೆಯಲೆ ಕೊಕ್ಕೆಗಳೂ ಇವೆ. ಎಳೆದಾಡಿದರೆ ಸೆಕೆಂಡುಗಳಲ್ಲಿ ಅಗ್ಗದ ಕೀಲಿ ತೆರೆದೀತು. ಮೊದಲ ತಿಂಗಳು ಅವುಗಳ ಸಹವಾಸ ಬೇಡ.

ಹತ್ತರಲ್ಲಿ ಒಂಬತ್ತು ಜನ ಸೋಲುವುದು ತಿರುವುಕಡ್ಡಿಯಲ್ಲಿ. ಕೊಕ್ಕೆಯೇ ಕೆಲಸ ಮಾಡುತ್ತದೆಂದು ತಿಳಿದು ಅದರ ಮೇಲೆ ಗಮನವಿಡುತ್ತಾರೆ, ಇನ್ನೊಂದು ಕೈ ತಾನೇ ತಾನಾಗಿ ಬಿಗಿಯುತ್ತದೆ. ಲೆಕ್ಕ ಹಾಕಿ ನೋಡಿ. ಕಡ್ಡಿಯ ತೋಳು 6 ಸೆಂ.ಮೀ., ಸಿಲಿಂಡರಿನ ತ್ರಿಜ್ಯ ಸುಮಾರು 6 ಮಿ.ಮೀ. ತೋಳು ಹತ್ತು ಪಟ್ಟು, ಬಲವೂ ಹತ್ತು ಪಟ್ಟು. ನೀವು 50 ಗ್ರಾಂ ತೂಕದಷ್ಟು ಒತ್ತಿದರೆ ಪಿನ್ನಿಗೆ ಬೀಳುವುದು ಅರ್ಧ ಕಿಲೊ. ಅಷ್ಟು ಸಾಕು. 300 ಗ್ರಾಂ ಒತ್ತಿದರೆ ಮೂರು ಕಿಲೊ. ಆಗ ಪಿನ್ನುಗಳೂ ತೂತಿನ ಅಂಚೂ ಅಷ್ಟಿಷ್ಟು ಬಳುಕಿ, ಒಂದರ ಬದಲು ಮೂರು ನಾಲ್ಕು ಒಟ್ಟಿಗೆ ಬಿಗಿಯುತ್ತವೆ, ಯಾವುದು ಮೊದಲಿನದೆಂದು ತಿಳಿಯುವುದೇ ಇಲ್ಲ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ತೋರುಬೆರಳಿಟ್ಟು 50 ಗ್ರಾಂ ಎಂದರೆ ಎಷ್ಟೆಂದು ನಾಲ್ಕು ಸಲ ಒತ್ತಿ ನೋಡಿ. ಅಷ್ಟೇನಾ ಎನಿಸುತ್ತದೆ. ರೊಟ್ಟಿ ಬಡಿಯುವ ಕೈಗೆ ಹಿಟ್ಟು ಎಲ್ಲಿ ದಪ್ಪ, ಎಲ್ಲಿ ತೆಳುವು ಎಂದು ನೋಡದೆಯೇ ಗೊತ್ತಾಗುತ್ತದಲ್ಲ, ಆ ಬಗೆಯ ಕೈ ಇಲ್ಲಿಯೂ ಬೇಕು. ಬೆರಳು ಬಿಗಿದಿದ್ದರೆ ಸ್ಪರ್ಶ ಮಂಕಾಗುತ್ತದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಕೂರಬೇಡಿ.

ಮನೆಯ ಬಾಗಿಲಿಗೆ ಹಾಕಿರುವ ಕೀಲಿಯನ್ನು ಅಭ್ಯಾಸಕ್ಕೆ ಮುಟ್ಟಬಾರದು, ನಿಮ್ಮದೇ ಆದರೂ. ಕೊಕ್ಕೆಯ ತುದಿ ಒಳಗೆ ಮುರಿದರೆ ಚಾವಿಯೂ ಹೋಗದು, ರಾತ್ರಿ ಹೊರಗೇ. ಇನ್ನೊಬ್ಬರ ಕೀಲಿಯಂತೂ ಅವರು ಒಪ್ಪಿ ಕೈಗಿತ್ತ ಹೊರತು ಇಲ್ಲ: ಒಳಹೊಕ್ಕಲು ಕೀಲಿ ತೆರೆಯುವುದನ್ನು ಕಾನೂನು ಬಾಗಿಲು ಮುರಿದಂತೆಯೇ ನೋಡುತ್ತದೆ. ಸಾಧನ ಮನೆಯಲ್ಲಿರಲಿ, ರಾತ್ರಿ ಗಸ್ತಿನ ಪೊಲೀಸರಿಗೆ ಹವ್ಯಾಸದ ವಿವರಣೆ ಕೊಡುವುದು ಕಷ್ಟ.

ಅಭ್ಯಾಸಕ್ಕೆ ಇನ್ನೂ ಒಳ್ಳೆಯದು ಹೊಸ ಫ್ಲಾಟುಗಳಲ್ಲಿ ಬಾಗಿಲಿನ ದಪ್ಪದೊಳಗೇ ಕೂರಿಸುವ ಮಾರ್ಟಿಸ್ ಲಾಕಿನ ಸಿಲಿಂಡರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ, ಬಿಚ್ಚಿ ಪಿನ್ನು ಕಡಿಮೆ ಮಾಡಬಹುದು. ಬಿಚ್ಚುವ ಮುಂಚೆ ಗೋಕುಲ ರಸ್ತೆಯ ಯಾವುದಾದರೂ ಲೇತ್ ಅಂಗಡಿಯಲ್ಲಿ ಒಂದು ಅಲ್ಯುಮಿನಿಯಂ ಸಲಾಕೆ ಮಾಡಿಸಿ: ಉದ್ದ 8 ಸೆಂ.ಮೀ., ದಪ್ಪ ಒಳ ಸಿಲಿಂಡರಿಗಿಂತ ಚೂರೇ ಕಡಿಮೆ. ಒಳ ಸಿಲಿಂಡರ್ ಸಾಮಾನ್ಯವಾಗಿ 12-13 ಮಿ.ಮೀ. ಇರುತ್ತದೆ, ವರ್ನಿಯರಿನಲ್ಲಿ ಅಳೆದೇ ಹೇಳಿ. ನಡುವಿನ ಸಿ-ಕ್ಲಿಪ್ ತೆಗೆದು, ಚಾವಿ ಹಾಕಿ, ತುಸು ತಿರುಗಿಸಿ, ಹಿಂದಿನಿಂದ ಸಲಾಕೆ ತಳ್ಳುತ್ತಾ ಸಿಲಿಂಡರನ್ನು ಮುಂದಕ್ಕೆ ಬಿಡಿ. ಎರಡರ ನಡುವೆ ಸಂದು ಬಿದ್ದರೆ ಸ್ಪ್ರಿಂಗುಗಳು ಹಾರಿ ಕೋಣೆಯ ಯಾವ ಮೂಲೆ ಸೇರುತ್ತವೋ ಹೇಳಲಾಗದು. ಖಾಲಿ ಪೇಢೆ ಡಬ್ಬಿಯ ಮುಚ್ಚಳದೊಳಗೆ ಈ ಕೆಲಸ ಮಾಡಿದರೆ ಹಾರಿದ್ದೂ ಅಂಚಿಗೆ ತಡೆದು ನಿಲ್ಲುತ್ತದೆ. ಕೆಳಪಿನ್ನುಗಳನ್ನು ಬಂದ ಸಾಲಿನಲ್ಲೇ ಜೋಡಿಸಿಡಿ. ಕಲೆತರೆ ಚಾವಿ ಕೆಲಸ ಮಾಡದು. ಈಗ ಒಂದೇ ತೂತಿಗೆ ಪಿನ್ನು ಹಾಕಿ ಮುಚ್ಚಿ. ಸಲೀಸಾಗಿ ಬಂದ ಮೇಲೆ ಎರಡು, ಆಮೇಲೆ ಮೂರು.

ಒಂದು ಪಿನ್ನಿನಲ್ಲೇ ಮೂರು ಸ್ಪರ್ಶಗಳನ್ನು ಬೇರ್ಪಡಿಸಿ ತಿಳಿಯಬೇಕು. ಒತ್ತಿದರೆ ಪುಟಿಯುವುದು ಸಡಿಲ ಪಿನ್ನು. ಕಲ್ಲಿನಂತೆ ಎದುರಾಗುವುದು ಬಿಗಿದದ್ದು. ಪುಟಿಯದೆ ಸ್ವಲ್ಪ ಅಲ್ಲಾಡುವುದು ಕೂತದ್ದು, ಏಕೆಂದರೆ ಮೇಲ್ಪಿನ್ನು ಅಂಚಿನ ಮೇಲೆ ನಿಂತಿದೆ, ಕೆಳಪಿನ್ನಿಗೆ ಸ್ಪ್ರಿಂಗಿನ ಒತ್ತಡ ಉಳಿದಿಲ್ಲ. ನಾಲ್ಕನೆಯದೊಂದಿದೆ, ಅದು ತಪ್ಪು: ಹೆಚ್ಚು ಎತ್ತಿಬಿಟ್ಟು ಕೆಳಪಿನ್ನೇ ಗಡಿಗೆರೆ ದಾಟಿ ಸಿಕ್ಕಿಕೊಳ್ಳುವುದು. ಎಲ್ಲ ಪಿನ್ನೂ ಮುಗಿದಂತಿದ್ದು ಕೀಲಿ ತೆರೆಯದಿದ್ದರೆ ಬಹುತೇಕ ಇದೇ. ತಿರುವುಕಡ್ಡಿಯನ್ನು ಒಮ್ಮೆಲೇ ಬಿಡದೆ ಮೆಲ್ಲಗೆ ಸಡಿಲಿಸಿ, ‘ಟಪ್’ ಎಂದು ಒಂದು ಬಿದ್ದೊಡನೆ ನಿಲ್ಲಿಸಿ, ಅಲ್ಲಿಂದ ಮುಂದುವರಿಯಿರಿ. ಕೊಕ್ಕೆಯ ದಂಡ ಮುಂದಿನ ಪಿನ್ನಿಗೆ ತಾಗಿ ಅದನ್ನೂ ಎತ್ತುವುದು ಇದಕ್ಕೆ ಸಾಮಾನ್ಯ ಕಾರಣ. ಕೊಕ್ಕೆಯನ್ನು ಸನ್ನೆಯಂತೆ ಓರೆ ಮಾಡದೆ ಮಟ್ಟಸವಾಗಿ ಎತ್ತಿ.

ಹಳೆ ಕೀಲಿ ಬೇಕೆಂದು ಮೋಡಕಾ (ಗುಜರಿ) ಅಂಗಡಿಗೆ ಹೋಗುವವರಿಗೆ ಒಂದು ಮಾತು. ನಮ್ಮಲ್ಲಿ ಕೀಲಿ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ರೂಢಿ. ಗದಗ-ಹುಬ್ಬಳ್ಳಿಯ ಎರೆಮಣ್ಣಿನ ಧೂಳು ಆ ಎಣ್ಣೆಗೆ ಅಂಟಿ ಕೆಸರಾಗುತ್ತದೆ, ಸ್ಪ್ರಿಂಗ್ ಪಿನ್ನನ್ನು ಕೆಳಗೆ ದೂಡಲಾರದೆ ನಿಲ್ಲುತ್ತದೆ. ಸಡಿಲ ಪಿನ್ನೂ ಕೂತಂತೆಯೇ ತೋರುವುದರಿಂದ ಕೈಗೆ ಮೋಸ. ಸೀಮೆಎಣ್ಣೆಯಲ್ಲಿ ತೊಳೆದು, ಪೂರಾ ಒಣಗಿಸಿ, ಮೆತ್ತನೆಯ ಪೆನ್ಸಿಲಿನ ಸೀಸದ ಪುಡಿಯನ್ನು ಚಿಟಿಕೆಗಿಂತ ಕಡಿಮೆ ಊದಿ. ಪುಡಿ ಹಾಕಿದ ಮೇಲೆ ಎಣ್ಣೆ ಬೇಡ, ಎರಡೂ ಕೂಡಿದರೆ ಮತ್ತೆ ಕೆಸರು.

ಐದು ಪಿನ್ನು ಸಲೀಸಾದ ಮೇಲೆ ಒಂದು ದಿನ ವಿಚಿತ್ರ ನಡೆಯುತ್ತದೆ: ಸಿಲಿಂಡರ್ ನಾಲ್ಕೈದು ಡಿಗ್ರಿ ತಿರುಗಿ, ತೆರೆದೇ ಹೋಯಿತು ಎನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಒಳಗೆ ನೂಲಿನ ರೀಲಿನ ಆಕಾರದ, ನಡು ಸಣ್ಣಗಿರುವ ಮೇಲ್ಪಿನ್ನು ಇದೆ. ಗಡಿಗೆರೆ ಅದರ ನಡುವಿಗೆ ಸಿಕ್ಕಿದೆ. ಒಂದೊಂದೇ ಪಿನ್ನು ಒತ್ತಿ ನೋಡಿ. ಯಾವುದನ್ನು ಒತ್ತಿದರೆ ಸಿಲಿಂಡರ್ ಹಿಂದಕ್ಕೆ ತಿರುಗಲು ನೋಡುತ್ತದೋ ಅದೇ ರೀಲು. ಕಡ್ಡಿಯನ್ನು ಉಸಿರಿನಷ್ಟು ಸಡಿಲಿಸಿ ಹಿಂದೆ ಸರಿಯಲು ಬಿಟ್ಟು, ಪಿನ್ನನ್ನು ಎತ್ತುತ್ತಲೇ ಇರಿ. ಇಲ್ಲಿ ಹಿಂದೆ ಹೋಗದೆ ಮುಂದೆ ಹೋಗಲಾಗದು.

ದುರ್ಗದ ಬೈಲಿನ ಆ ಲಿವರ್ ಕೀಲಿ ಇನ್ನೂ ಉಳಿಯಿತು. ಅದರಲ್ಲೂ ತತ್ವ ಇದೇ: ಚಿಲಕದ ಮೇಲೆ ಒತ್ತಡ ಇಟ್ಟರೆ ಒಂದು ಲಿವರ್ ಮೊದಲು ಬಿಗಿಯುತ್ತದೆ. ಆದರೆ ಒತ್ತುವ ತಂತಿಯೂ ಎತ್ತುವ ತಂತಿಯೂ ಒಂದೇ ತೂತಿನಲ್ಲಿ ಹೋಗಬೇಕು, ಎರಡನ್ನೂ ಆಯಾ ಕೀಲಿಯ ಅಳತೆಗೇ ಬಗ್ಗಿಸಬೇಕು. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಕೀಲಿ ತಜ್ಞ ಎ. ಸಿ. ಹಾಬ್ಸ್ ಚಬ್ ಕಂಪನಿಯ ಲಿವರ್ ಕೀಲಿಯನ್ನು ಸುಮಾರು 25 ನಿಮಿಷದಲ್ಲಿ ತೆರೆದ. ಹಿಂದೆಯೇ, 1790ರಿಂದ ಅಂಗಡಿಯ ಕಿಟಕಿಯಲ್ಲಿ 200 ಗಿನಿ (ಆಗಿನ ಬ್ರಿಟಿಷ್ ಹಣ) ಬಹುಮಾನದ ಸವಾಲಾಗಿ ತೂಗಿದ್ದ ಬ್ರಾಮಾ ಕಂಪನಿಯ ಕೀಲಿಯನ್ನೂ ತೆರೆದ. ಅದಕ್ಕೆ ಹಿಡಿದದ್ದು 16 ದಿನಗಳಲ್ಲಿ ಹಂಚಿದ 51 ಗಂಟೆ. ಆ ಒಂದು ಕೀಲಿಗೆಂದೇ ಬೇರೆ ಸಲಕರಣೆ ಹೊಂದಿಸಬೇಕಾಯಿತು.