ಹಲಗೆ ಎತ್ತಿ ಎಣಿಸೋರು: ಅಮೆರಿಕದ ಕಾಡಿನ ಸಲಮಾಂಡರ್ ಲೆಕ್ಕದ ಹಿಂದಿನ ಕಥೆ

ಅಕ್ಟೋಬರ್ ತಿಂಗಳು, ಹಿಂದಿನ ರಾತ್ರಿ ಮಳೆ ಬಿದ್ದಿದೆ, ಪೆನ್ಸಿಲ್ವೇನಿಯಾದ ಒಂದು ಓಕ್ ಕಾಡಲ್ಲಿ ತರಗೆಲೆ ಮಧ್ಯ ಒಂದಡಿ ಚದರದ ಹಲಗೆಗಳು ಸಾಲಾಗಿ ಬಿದ್ಕೊಂಡಿವೆ, ಯಾರೋ ಮನೆ ಕಟ್ಟಿ ಮಿಕ್ಕಿದ್ದನ್ನ ಬಿಸಾಕಿ ಹೋದ ಹಾಗೆ. ಒಂದೊಂದರ ಮೇಲೂ ನಂಬರ್ ಇದೆ. ಮೊದಲನೇದು ಎತ್ತಿದ್ರೆ ಒಂದು ಎರೆಹುಳ, ಎರಡನೇದ್ರಲ್ಲಿ ಏನಿಲ್ಲ, ಮೂರನೇದ್ರಲ್ಲೂ ಏನಿಲ್ಲ, ನಾಲ್ಕನೇದ್ರ ಕೆಳಗೆ ಬೆರಳುದ್ದದ ಒಂದು ಪ್ರಾಣಿ, ಬೆನ್ನ ಮೇಲೆ ಇಟ್ಟಿಗೆ ಬಣ್ಣದ ಪಟ್ಟೆ, ಅರ್ಧ ಸುರುಳಿ ಸುತ್ಕೊಂಡು ಮಲಗಿತ್ತು. ಜೊತೆಗೆ ಬಂದಿದ್ದ ಮಗ "ಅಪ್ಪಾ, ಹಲ್ಲಿ!" ಅಂದ. ಅವನದ್ದೇನು ತಪ್ಪಿಲ್ಲ ಬಿಡಿ, ಮೊದಲ ಸಲ ನೋಡಿದಾಗ ನಾನೂ ಅದನ್ನೇ ಅಂದಿದ್ದೆ.

ಹಲ್ಲಿ ಅಲ್ಲ, ಇದು ಕಪ್ಪೆಗಳ ದೂರದ ನೆಂಟ. ಹಲ್ಲಿ ಮೈಮೇಲಿನ ಥರ ಹುರುಪೆ ಇಲ್ಲ, ತಣ್ಣನೆ ಒದ್ದೆ ಚರ್ಮ ಅಷ್ಟೇ. ಕನ್ನಡದಲ್ಲಿ ಇದಕ್ಕೊಂದು ಮನೆಮಾತಿನ ಹೆಸರಿಲ್ಲ, ಇರೋದಾದ್ರೂ ಹೇಗೆ, ನಮ್ಮ ಪಶ್ಚಿಮಘಟ್ಟದಲ್ಲಿ ಅಷ್ಟೊಂದು ಥರ ಕಪ್ಪೆ ಇದ್ರೂ ಸಲಮಾಂಡರ್ ಒಂದೂ ಇಲ್ಲ, ಭಾರತದಲ್ಲಿ ನೋಡ್ಬೇಕಂದ್ರೆ ಡಾರ್ಜಿಲಿಂಗ್ ಕಡೆ ಬೆಟ್ಟ ಹತ್ಬೇಕು. ಇಲ್ಲಿ ಸಿಕ್ಕಿದ್ದು ರೆಡ್‌ಬ್ಯಾಕ್ ಸಲಮಾಂಡರ್. ತೂಕ ಒಂದು ಗ್ರಾಂ ಆಸುಪಾಸು. ಇದಕ್ಕೆ ಶ್ವಾಸಕೋಶವೇ ಇಲ್ಲ ಮಾರಾಯ್ರೆ, ಉಸಿರಾಟ ಎಲ್ಲಾ ಚರ್ಮದಿಂದ ಮತ್ತೆ ಬಾಯೊಳಗಿನ ಪೊರೆಯಿಂದ, ಅದಕ್ಕೇ ಮೈ ಒಣಗಿದ್ರೆ ಕಥೆ ಮುಗೀತು. ಮಳೆ ಬಂದಾಗ ತರಗೆಲೆ ಮೇಲೆ ಬರತ್ತೆ, ಬಿಸಿಲು ಬಿದ್ರೆ ಮಣ್ಣಿಗೆ ಇಳಿಯತ್ತೆ. ಮೊಟ್ಟೆ ಇಡೋಕೂ ಕೆರೆ ಹೊಂಡ ಬೇಡ, ಕೊಳೆತ ಮರದ ದಿಮ್ಮಿ ಸಂದಿಯಲ್ಲಿ ಇಟ್ಟು ತಾಯಿ ಕಾವಲು ಕೂರತ್ತೆ, ಮರಿ ಗೊದಮೊಟ್ಟೆಯಾಗಿ ಈಜೋ ಕಾಲವೇ ಇಲ್ದೆ ನೇರವಾಗಿ ನಾಲ್ಕು ಕಾಲಲ್ಲಿ ಹೊರಗೆ ಬರತ್ತೆ.

ಇಂಥ ಅಡಗಿ ಕೂರೋ ಪ್ರಾಣೀನ ಯಾರು ಲೆಕ್ಕಕ್ಕೆ ತಗೋತಾರೆ? ಬಹಳ ಕಾಲ ಯಾರೂ ತಗೊಳ್ಳಲಿಲ್ಲ. ಹಕ್ಕಿ ಎಣಿಸೋರು ಇದ್ರು, ಜಿಂಕೆ ಎಣಿಸೋರು ಇದ್ರು. 1975ರಲ್ಲಿ ಥಾಮಸ್ ಬರ್ಟನ್ ಮತ್ತು ಜೀನ್ ಲೈಕನ್ಸ್ ಅನ್ನೋ ಇಬ್ರು ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನ ಲೆಕ್ಕ ಹೊರಗೆ ಹಾಕಿದ್ರು: ಹೆಕ್ಟೇರಿಗೆ ಸುಮಾರು 2,950 ಸಲಮಾಂಡರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಎಕರೆಗೆ ಸಾವಿರದ ಇನ್ನೂರರ ಹತ್ರ. ಎಲ್ಲವನ್ನೂ ಒಟ್ಟಿಗೆ ತೂಗಿದ್ರೆ ಅದೇ ಕಾಡಿನ ಹಕ್ಕಿಗಳು ಗೂಡು ಕಟ್ಟೋ ಸೀಸನ್ನಲ್ಲಿ ತೂಗೋದರ ಸುಮಾರು ಎರಡು ಪಟ್ಟು, ಇಲಿ ಮೂಗಿಲಿಗಳ ತೂಕಕ್ಕೆ ಸರಿಸಮ. ಅದರಲ್ಲಿ ಹೆಚ್ಚೂಕಮ್ಮಿ ಎಲ್ಲಾ ಈ ರೆಡ್‌ಬ್ಯಾಕೇ. ಕಾಡು ಅಂದ್ರೆ ಕಣ್ಣಿಗೆ ಕಾಣೋ ಹಕ್ಕಿ ಜಿಂಕೆ ಅಂದ್ಕೊಂಡವರಿಗೆ ಇದು ದೊಡ್ಡ ಶಾಕ್. ಆಮೇಲಿನ ಅಧ್ಯಯನಗಳು ಈ ಲೆಕ್ಕವೇ ಕಮ್ಮಿ ಆಯ್ತು ಅಂದ್ವು, ಯಾಕಂದ್ರೆ ಮಣ್ಣೊಳಗೆ ಇದ್ದಿದ್ದು ಪೂರ್ತಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಭಯ ಶುರುವಾಗಿದ್ದು 1989ರಲ್ಲಿ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಉರಗ ಮತ್ತು ಉಭಯವಾಸಿ ತಜ್ಞರ ಮೊದಲ ವಿಶ್ವ ಸಮ್ಮೇಳನ ಸೇರಿದಾಗ ಬೇರೆ ಬೇರೆ ದೇಶದವರು ಕಾಫಿ ಕುಡೀತಾ ಮಾತಾಡಿದ್ರೆ ಎಲ್ಲರದ್ದೂ ಒಂದೇ ದೂರು, ನಮ್ಮಲ್ಲಿ ಕಪ್ಪೆ ಕಾಣಿಸ್ತಿಲ್ಲ ಅಂತ, ಅದೂ ಕಾಡು ಕಡಿಯದೇ ಇರೋ ಜಾಗದಲ್ಲಿ. ಆದ್ರೆ "ಮೊದಲು ಎಷ್ಟಿತ್ತು?" ಅಂತ ಕೇಳಿದ್ರೆ ಹೆಚ್ಚಿನವರ ಹತ್ರ ಉತ್ತರ ಇಲ್ಲ. ನನ್ನ ಪ್ರಕಾರ ಈ ಹಲಗೆ ಕಥೆ ಹುಟ್ಟಿದ್ದೇ ಆ ಒಂದು ಪ್ರಶ್ನೆಗೆ ಬಾಯಿ ಮುಚ್ಕೊಂಡು ಕೂತಿದ್ದರಿಂದ.

ನಂಬರ್ ಇಲ್ದೆ ಜಗಳ ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ 1993ರ ನಾರ್ತ್ ಕ್ಯಾರೊಲಿನಾ ನೋಡಿ. ಜೇಮ್ಸ್ ಪೆಟ್ರಾಂಕಾ ಮತ್ತು ಜೊತೆಯವರು ಅಲ್ಲಿನ ಪಶ್ಚಿಮ ಭಾಗದ ಸರ್ಕಾರಿ ಕಾಡಲ್ಲಿ ಮರ ಪೂರ್ತಿ ಬೋಳಿಸೋದ್ರಿಂದ ವರ್ಷಕ್ಕೆ ಹತ್ರಹತ್ರ 1.4 ಕೋಟಿ ಸಲಮಾಂಡರ್ ಹೋಗ್ತಿವೆ, ಮತ್ತೆ ಮೊದಲಿನ ಹಾಗೆ ಆಗೋಕೆ 50ರಿಂದ 70 ವರ್ಷ ಬೇಕು ಅಂದ್ರು. ಆಂಡ್ರ್ಯೂ ಆಶ್ ಅನ್ನೋವ್ರು ಅಲ್ಲ, 20ರಿಂದ 24 ವರ್ಷ ಸಾಕು ಅಂತ 1997ರಲ್ಲಿ ಬರೆದ್ರು. ಎರಡಕ್ಕೂ ಮಧ್ಯ ಒಂದು ತಲೆಮಾರಿನ ಅಂತರ! ಮರ ಕಡಿಯೋ ಇಲಾಖೆಗೆ ಯಾವುದು ಇಷ್ಟ ಆಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಆ ಹೊತ್ತಿಗೆ ನೆಲದ ಮೇಲೆ ಹಲಗೆ ಹಾಕಿ, ಅದರಡಿ ಬಂದು ಅಡಗೋ ಸಲಮಾಂಡರ್ ಎಣಿಸೋದು ಬಳಕೆಗೆ ಬಂದಾಗಿತ್ತು. ಕೊಳೆತ ದಿಮ್ಮಿ ಮಗುಚಿ ಹುಡುಕಿದ್ರೆ ಅವುಗಳ ಮನೆಯೇ ಹಾಳು, ಜೊತೆಗೆ ಒಬ್ಬ ಹತ್ತು ದಿಮ್ಮಿ ಮಗುಚ್ತಾನೆ ಇನ್ನೊಬ್ಬ ನಲವತ್ತು, ಲೆಕ್ಕ ಹೋಲ್ಸೋದು ಹೆಂಗೆ? ಒಂದೇ ಅಳತೆಯ ಹಲಗೆ ಒಂದೇ ಸಂಖ್ಯೆಯಲ್ಲಿ ಹಾಕಿದ್ರೆ ಆ ತಾಪತ್ರಯ ಇಲ್ಲ, ವಿಜ್ಞಾನಿಯೇ ಬೇಕು ಅಂತಾನೂ ಇಲ್ಲ, ಟೀಚರ್ ಬರ್ಲಿ ಸ್ಕೂಲ್ ಮಕ್ಕಳು ಬರ್ಲಿ ರಿಟೈರ್ ಆದೋರು ಬರ್ಲಿ. ಮೇರಿಲ್ಯಾಂಡ್‌ನ ಪಟುಕ್ಸೆಂಟ್ ಸಂಶೋಧನಾ ಕೇಂದ್ರದ ಸ್ಯಾಮ್ ಡ್ರೋಗಿ ಇದರ ಹಿಂದೆ ಬಿದ್ರು, 2001ರಲ್ಲಿ ಹಾರ್ಟ್‌ವೆಲ್ ವೆಲ್ಶ್ ಜೊತೆ ಸೇರಿ ಒಂದು ವಾದ ಮಂಡಿಸಿದ್ರು. ಮತ್ತೆ ಮತ್ತೆ ಎಣಿಸಿದಾಗ ಈ ಸಲಮಾಂಡರ್‌ಗಳ ಲೆಕ್ಕದಲ್ಲಿ ಏರುಪೇರು ಸರಾಸರಿಯ 27 ಪರ್ಸೆಂಟ್ ಅಷ್ಟೇ, ಚಿಟ್ಟೆ ಪತಂಗಗಳಲ್ಲಿ 93, ಸಣ್ಣ ಸಸ್ತನಿಗಳಲ್ಲಿ 69, ಹಾಡುಹಕ್ಕಿಗಳಲ್ಲಿ 57. ಏರುಪೇರು ಕಮ್ಮಿ ಇದ್ರೆ ನಿಜವಾದ ಇಳಿಕೆ ಬೇಗ ಕಣ್ಣಿಗೆ ಬೀಳತ್ತೆ, ಹಾಗಾಗಿ ಕಾಡಿನ ಆರೋಗ್ಯ ನೋಡೋಕೆ ಇದೇ ಸರಿ ಅಂತ. ಕೆನಡಾದಲ್ಲೂ 2004ರಲ್ಲಿ ಪಾರ್ಕ್ಸ್ ಕೆನಡಾದವರು ಸೇರ್ಕೊಂಡು ಇದೇ ಥರದ ನಿಯಮಾವಳಿ ಮಾಡಿದ್ರು.

ಜನ ಸಿಕ್ಕಿದ್ದು ಆಶ್ಚರ್ಯ ಏನಲ್ಲ, ಅಭ್ಯಾಸ ಮೊದಲೇ ಇತ್ತು. ಹಳದಿ ಚುಕ್ಕೆಯ ದೊಡ್ಡ ಸಲಮಾಂಡರ್‌ಗಳು ವಸಂತದ ಮೊದಲ ಮಳೆ ರಾತ್ರಿ ರಸ್ತೆ ದಾಟುವಾಗ ಟೈರಿಗೆ ಸಿಗದ ಹಾಗೆ ಬಕೆಟ್ ಹಿಡ್ಕೊಂಡು ನಿಲ್ಲೋ ಜನ ಆಗ್ಲೇ ಇದ್ರು, ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಂತೂ 1987ರಲ್ಲೇ ಅವಕ್ಕೆ ಅಂತ ಹೆನ್ರಿ ಸ್ಟ್ರೀಟ್ ಕೆಳಗೆ ಎರಡು ಸುರಂಗ ಮಾಡಿಸಿದ್ರು.

ಆದ್ರೆ ಹಲಗೆ ಕೆಳಗೆ ಐದು ಸಿಕ್ತು ಅಂದ್ರೆ ಕಾಡಲ್ಲಿ ಎಷ್ಟಿವೆ? ಇಲ್ಲೇ ಗಂಟು ಬಿದ್ದಿದ್ದು. ಲರಿಸಾ ಬೇಲಿ ಮತ್ತು ಜೊತೆಯವರು ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಸಲಮಾಂಡರ್ ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ನೋಡಿ 2004ರಲ್ಲಿ ಬರೆದಿದ್ದು ಏನಂದ್ರೆ, ಯಾವ ಹೊತ್ತಲ್ಲೂ ಬಹುಪಾಲು ಸಲಮಾಂಡರ್ ನೆಲದೊಳಗೇ ಇರತ್ತೆ, ಮೇಲೆ ಇರೋದ್ರಲ್ಲೂ ಕೈಗೆ ಸಿಗೋದು ಸ್ವಲ್ಪ. ಅಂದ್ಮೇಲೆ ಈ ವರ್ಷ ಅರ್ಧ ಸಿಕ್ತು ಅಂದ್ರೆ ಅರ್ಧ ಸತ್ತಿವೆ ಅಂತಾನೂ ಆಗ್ಬಹುದು, ವಾರದಿಂದ ಮಳೆ ಇಲ್ಲ ಅಂತಾನೂ ಆಗ್ಬಹುದು.

ಮೇರಿಲ್ಯಾಂಡ್ ಯೂನಿವರ್ಸಿಟಿಯ ರಿಚರ್ಡ್ ಹೈಟನ್ ಕಥೆಯೂ ಇದೇ. 1950ರ ದಶಕದಿಂದ ಪೂರ್ವ ಅಮೆರಿಕದ ಕಾಡೆಲ್ಲಾ ಸುತ್ತಿದ ಮನುಷ್ಯ, 1990ರ ದಶಕದಲ್ಲಿ ಅವೇ ಜಾಗಗಳಿಗೆ ಮತ್ತೆ ಹೋಗಿ ನೋಡಿದ್ರೆ ಹೆಚ್ಚಿನ ಕಡೆ ಮೊದಲಿಗಿಂತ ಕಮ್ಮಿ ಸಿಕ್ತು, 2005ರಲ್ಲಿ ಅದನ್ನ ಪ್ರಕಟಿಸಿದ್ರು. ಆದ್ರೆ ಅವರು ಹೋಗಿದ್ದು ಹೊಸ ಜಾತಿ ಗುರುತಿಸೋಕೆ, ಎಣಿಸೋಕಲ್ಲ. ಹಾಗಾಗಿ ಎಚ್ಚರಿಕೆ ಗಂಟೆ ಬಾರಿಸ್ತು, ಅದರ ಹಿಂದಿನ ಕಾರಣ ಸಿಗಲಿಲ್ಲ.

ಎಣಿಕೆ ಇದ್ರೆ ಏನಾಗತ್ತೆ ಅಂತ ತೋರಿಸಿದ್ದು ನೆದರ್‌ಲ್ಯಾಂಡ್ಸ್. ಅಲ್ಲಿ 1997ರಿಂದ ಗುರುತು ಮಾಡಿದ ದಾರಿಗಳಲ್ಲಿ ಫೈರ್ ಸಲಮಾಂಡರ್ ಎಣಿಸ್ತಾ ಬಂದಿದ್ರು, 2010ರ ನಂತರ ಸಂಖ್ಯೆ 96 ಪರ್ಸೆಂಟ್ ಬಿದ್ದುಹೋಯ್ತು. 2013ರಲ್ಲಿ ಬೆಲ್ಜಿಯಂನ ಗೆಂಟ್ ಯೂನಿವರ್ಸಿಟಿಯ ಆನ್ ಮಾರ್ಟೆಲ್ ತಂಡ ಕಾರಣ ಹಿಡಿದ್ರು, ಚರ್ಮ ತಿಂದು ಹಾಕೋ ಒಂದು ಶಿಲೀಂಧ್ರ, ಬೀಸಾಲ್ ಅಂತ ಕರೀತಾರೆ. ಏಷ್ಯಾದಿಂದ ಸಾಕುಪ್ರಾಣಿ ವ್ಯಾಪಾರದ ಜೊತೆ ಬಂದಿರೋ ಸಾಧ್ಯತೆ ಹೆಚ್ಚು. ಅಮೆರಿಕ ಬೆಚ್ಚಿಬಿತ್ತು, 2016ರ ಜನವರಿಯಲ್ಲಿ 201 ಜಾತಿ ಸಲಮಾಂಡರ್ ಆಮದಿಗೆ ಬಾಗಿಲು ಹಾಕ್ತು. ಚರ್ಮದಲ್ಲೇ ಉಸಿರಾಡೋ ಪ್ರಾಣಿಗೆ ಚರ್ಮದ ರೋಗ ಅಂದ್ರೆ ಏನು ಅಂತ ಯೋಚ್ನೆ ಮಾಡಿ.

2010ರ ದಶಕದಲ್ಲೇ ಪೆನ್ ಸ್ಟೇಟ್ ಯೂನಿವರ್ಸಿಟಿ ಮತ್ತು ಅಮೆರಿಕದ ಭೂಗರ್ಭ ಸರ್ವೆ ಇಲಾಖೆಯ ಸಂಶೋಧಕರು ಸ್ಪಾರ್ಕ್‌ನೆಟ್ ಅನ್ನೋ ಜಾಲ ಶುರು ಮಾಡಿ ಕಾಲೇಜು, ಸ್ಕೂಲು, ನೇಚರ್ ಸೆಂಟರ್‌ಗಳನ್ನ ಒಂದೇ ಪದ್ಧತಿಗೆ ತಂದ್ರು. ಕೆಲವು ಕಡೆ ಸಲಮಾಂಡರ್ ಚರ್ಮದಡಿ ಹೊಳೆಯೋ ಬಣ್ಣದ ಸಣ್ಣ ಗೆರೆ ಹಾಕ್ತಾರೆ, ಅದಕ್ಕೆ ತರಬೇತಿ ಆದೋರೇ ಬೇಕು. ನಮ್ಮಂಥೋರ ಕೆಲಸ ಹಲಗೆ ಎತ್ತೋದು, ಉಷ್ಣತೆ ಬರೆಯೋದು, ಪ್ಲಾಸ್ಟಿಕ್ ಚೀಲದೊಳಗೆ ಇಟ್ಕೊಂಡು ಸ್ಕೇಲಲ್ಲಿ ಅಳೆಯೋದು. ಕೈ ಒದ್ದೆ ಇರ್ಬೇಕು, ಸೊಳ್ಳೆ ಕ್ರೀಮ್ ಸನ್‌ಸ್ಕ್ರೀನ್ ಹಚ್ಚಿರಬಾರದು. ಮೊದಲು ಹಲಗೆ ವಾಪಸ್ ಇಟ್ಟು ಆಮೇಲೆ ಅದರ ಅಂಚಲ್ಲಿ ಪ್ರಾಣಿ ಬಿಡ್ಬೇಕು, ಉಲ್ಟಾ ಮಾಡಿದ್ರೆ ಜಜ್ಜಿಹೋಗತ್ತೆ. ಮತ್ತೆ ಸೊನ್ನೆ ಬರೀಲೇಬೇಕು. ಮಗನಿಗೆ ಇದೇ ಬೇಜಾರು, "ಏನೂ ಇಲ್ಲದ್ದನ್ನ ಯಾಕೆ ಬರೀತೀಯ ಅಪ್ಪಾ?" ಅಂತಾನೆ. ಅವತ್ತು ನಮ್ಮ ಶೀಟಲ್ಲಿ ಸೊನ್ನೆಗಳೇ ಜಾಸ್ತಿ.

ಹನ್ನೊಂದನೇ ಹಲಗೆ ಎತ್ತಿದ್ರೆ ಕೈಯಲ್ಲೇ ಪುಡಿಯಾಯ್ತು, ಪೂರ್ತಿ ಲಡ್ಡಾಗಿತ್ತು. ಹೊಸದು ಹಾಕಿದ್ವಿ. ಹೊಸ ಮರದ ವಾಸನೆ ಹೋಗಿ ಮಳೆಗೆ ನೆಂದು ಹದವಾಗೋಕೆ ಟೈಮ್ ಬೇಕು, ಅಲ್ಲಿವರೆಗೆ ಅಲ್ಲಿ ಸಿಗೋ ಲೆಕ್ಕವನ್ನ ಹಳೆ ಹಲಗೆ ಜೊತೆ ಹೋಲಿಸೋ ಹಾಗಿಲ್ಲ, ಅದಕ್ಕೇ ಶೀಟಲ್ಲಿ ಹನ್ನೊಂದರ ಮುಂದೆ "ಹಲಗೆ ಬದಲಿಸಿದೆ" ಅಂತ ಬರೆದು ತಾರೀಕು ಹಾಕಿ ಹನ್ನೆರಡಕ್ಕೆ ಹೋದ್ವಿ.