ಪೆಲೆಟ್ ಫರ್ನೇಸಿನ ಗಾಳಿ: ತೊಂದರೆ ಫ್ಯಾನಿನ ಯಾವ ಕಡೆ ಇದೆ?

ಅಮೆರಿಕದಲ್ಲಿ ಎನ್‌ಎಫ್‌ಐ (ಒಲೆ ಕೂರಿಸುವ ಕೆಲಸದವರಿಗೆ ಅರ್ಹತಾ ಪತ್ರ ಕೊಡುವ ಸಂಸ್ಥೆ) ಪೆಲೆಟ್ ಪರೀಕ್ಷೆಗೆ ಓದುತ್ತಿರುವವರಿಗೆ, ಮತ್ತು ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ ಮನೆ ಕೊಂಡು ಬೇಸ್‌ಮೆಂಟಿನಲ್ಲಿ ಪೆಲೆಟ್ ಫರ್ನೇಸ್ ಸಿಕ್ಕವರಿಗೆ ಈ ಟಿಪ್ಪಣಿ. ಪೆಲೆಟ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆ. ಹಾಪರ್ ಅನ್ನುವ ಡಬ್ಬಿಯಿಂದ ಆಗರ್ ಅನ್ನುವ ತಿರುಗುವ ಸ್ಕ್ರೂ ಅದನ್ನು ತಳ್ಳುತ್ತದೆ, ಬರ್ನ್ ಪಾಟ್ ಅನ್ನುವ ತೂತಿನ ಬಟ್ಟಲಿನಲ್ಲಿ ಅದು ಉರಿಯುತ್ತದೆ, ಬಿಸಿಗಾಳಿ ಡಕ್ಟಿಗೆ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗಾಳಿಯ ದಾರಿ ಮಾತ್ರ ಬೇಗ ತಲೆಗೆ ಹತ್ತುವುದಿಲ್ಲ. ಕೈಪಿಡಿಯ ಕೊನೆಯ ದೋಷಪಟ್ಟಿಯಲ್ಲಿ ಎಲ್ಲ ರೋಗಕ್ಕೂ 'ಕ್ಲೀನ್ ಮಾಡಿ' ಅಂತಲೇ ಇರುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ.

ಎರಡು ಫ್ಯಾನ್

ಒಂದು ಫ್ಯಾನ್ ಮನೆಯ ಗಾಳಿಯನ್ನು ಬಿಸಿ ಲೋಹದ ಹೊರಮೈ ಮೇಲೆ ಹಾಯಿಸಿ ಡಕ್ಟಿಗೆ ಕಳಿಸುತ್ತದೆ. ಹೊಗೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಹೊಗೆ ಎಳೆಯುವ ಫ್ಯಾನ್. ಮುಂದೆ ಬರೀ 'ಫ್ಯಾನ್' ಅಂದರೆ ಇದೇ. ಮನೆಗೆ ಬಿಸಿ ಬರುತ್ತಿಲ್ಲ, ಆದರೆ ಉರಿ ಚೆನ್ನಾಗಿದೆ ಅಂದರೆ ಮೊದಲನೆಯದನ್ನು ನೋಡಿ. ಉರಿಯೇ ಸರಿಯಿಲ್ಲ ಅಂದರೆ ಎರಡನೆಯದು.

ಗಾಳಿಯ ದಾರಿ ಹೀಗೆ: ಒಳಬರುವ ಪೈಪು, ಬರ್ನ್ ಪಾಟಿನ ತೂತು, ಉರಿಯುವ ಕೋಣೆ, ಅದರ ಹಿಂದೆ ಬೂದಿ ಕೂರುವ ಹೊಗೆ ದಾರಿ, ಫ್ಯಾನ್, ಹೊರಹೋಗುವ ಪೈಪು. ಈ ಫ್ಯಾನ್ ಇರುವುದು ದಾರಿಯ ಕೊನೆಯ ಕಡೆ. ಅದು ಒಲೆಯೊಳಗೆ (ಅಂದರೆ ಫರ್ನೇಸಿನೊಳಗೆ) ಗಾಳಿ ಊದುವುದಿಲ್ಲ, ಒಲೆಯಿಂದ ಎಳೆಯುತ್ತದೆ. (ಊದುವ ಫ್ಯಾನ್ ಇರುವ ಮಾಡೆಲ್‌ಗಳೂ ಇವೆ. ಅವುಗಳ ಲೆಕ್ಕ ಬೇರೆ, ಇಲ್ಲಿ ಬೇಡ.) ಹಾಗಾಗಿ ಫ್ಯಾನಿಗಿಂತ ಹಿಂದಿನ ಭಾಗದಲ್ಲೆಲ್ಲ (ಗಾಳಿ ಫ್ಯಾನ್ ತಲುಪುವ ಮೊದಲಿನ ದಾರಿ) ಒತ್ತಡ ಕಡಿಮೆ, ಮುಂದಿನ ಪೈಪಿನಲ್ಲಿ (ಫ್ಯಾನ್ ದಾಟಿದ ಮೇಲೆ) ಜಾಸ್ತಿ.

ಇದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಫ್ಯಾನಿನ ಹಿಂದೆ ಬಿರುಕಿದ್ದರೆ ಗಾಳಿ ಒಳಗೆ ನುಗ್ಗುತ್ತದೆ, ಹೊಗೆ ಹೊರಗೆ ಬರುವುದಿಲ್ಲ. ಫ್ಯಾನಿನ ಮುಂದೆ ಬಿರುಕಿದ್ದರೆ ಹೊಗೆ ಮನೆಯೊಳಗೆ ಬರುತ್ತದೆ, ಉರಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಫ್ಯಾನ್ ಓಡುತ್ತಿರುವಾಗ ಹೊಗೆ ವಾಸನೆ ಬಂದರೆ ಬಾಗಿಲಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಡಿ. ಪೈಪಿನ ಜಾಯಿಂಟು, ಟೀ (T ಆಕಾರದ ಪೈಪಿನ ತುಂಡು) ಕೆಳಗಿನ ಮುಚ್ಚಳ, ಫ್ಯಾನಿನದೇ ಗ್ಯಾಸ್ಕೆಟ್, ಇವನ್ನು ನೋಡಿ. ಪೆಲೆಟ್ ಪೈಪಿನ ಜಾಯಿಂಟುಗಳಿಗೆ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಹಚ್ಚುವುದು ಇದಕ್ಕೇ. ಗ್ಯಾಸ್ ಉಪಕರಣದ ಬಿ-ವೆಂಟ್ ಪೈಪು ಅಥವಾ ಬಟ್ಟೆ ಡ್ರೈಯರಿನ ಅಲ್ಯೂಮಿನಿಯಂ ಪೈಪು ಹಾಕಬಾರದು ಅನ್ನುವುದಕ್ಕೂ ಇದೊಂದು ಕಾರಣ.

ವ್ಯಾಕ್ಯೂಮ್ ಸ್ವಿಚ್ಚು

ಇಲ್ಲಿ ನಿಧಾನವಾಗಿ ಓದಿ. ನನಗೆ ಜಾಸ್ತಿ ತಲೆ ತಿಂದದ್ದು ಇದೇ.

ಒಲೆಯಿಂದ ಒಂದು ಸಣ್ಣ ರಬ್ಬರ್ ಕೊಳವೆ ದುಂಡನೆಯ ಒಂದು ಸ್ವಿಚ್ಚಿಗೆ ಹೋಗುತ್ತದೆ. ಒಳಗೆ ತೆಳುವಾದ ಪೊರೆ ಇದೆ. ಫ್ಯಾನ್ ಎಳೆದಾಗ ಪೊರೆ ಬಾಗಿ ಸ್ವಿಚ್ಚು ಕೂಡಿಕೊಳ್ಳುತ್ತದೆ. ಆಮೇಲಷ್ಟೇ ಆಗರ್ ತಿರುಗುತ್ತದೆ. ಎಳೆತ ಕಡಿಮೆಯಾದರೆ ಸ್ವಿಚ್ಚು ಬಿಟ್ಟುಕೊಳ್ಳುತ್ತದೆ, ಆಗರ್ ನಿಲ್ಲುತ್ತದೆ. 'ಪೆಲೆಟ್ ಬೀಳ್ತಾ ಇಲ್ಲ' ಅಂತ ಆಗರ್ ಮೋಟರಿಗೆ ಸುಮ್ನೆ ದುಡ್ಡು ಸುರಿಯುವ ಮೊದಲು ಈ ಸ್ವಿಚ್ಚು ನೋಡಿ ಅನ್ನುವುದು ಇದಕ್ಕೇ.

'ಗಾಳಿ ಕಟ್ಟಿಕೊಂಡರೆ ಸ್ವಿಚ್ಚು ಆಗರನ್ನು ನಿಲ್ಲಿಸುತ್ತದೆ' ಅಂತ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿದರೆ ಕೆಟ್ಟಿತು. ಎಲ್ಲಿ ಕಟ್ಟಿಕೊಂಡಿದೆ ಅನ್ನುವುದರ ಮೇಲೆ ಹೋಗುತ್ತದೆ.

ಎಳನೀರಿಗೆ ಸ್ಟ್ರಾ ಹಾಕಿ ಹೀರುವುದನ್ನು ನೆನೆಸಿಕೊಳ್ಳಿ. ಸ್ಟ್ರಾದ ಕೆಳತುದಿಯನ್ನು ಬೆರಳಿನಿಂದ ಮುಚ್ಚಿ ಹೀರಿದರೆ ಏನೂ ಬರುವುದಿಲ್ಲ, ಆದರೆ ಸ್ಟ್ರಾದೊಳಗಿನ ಎಳೆತ ಜೋರಾಗುತ್ತದೆ, ಸ್ಟ್ರಾ ಚಪ್ಪಟೆಯಾಗುತ್ತದೆ. ಸ್ಟ್ರಾ ನಡುವೆ ಹರಿದಿದ್ದರೆ ಬರೀ ಗಾಳಿ ಬರುತ್ತದೆ, ಎಳೆತವೇ ಇರುವುದಿಲ್ಲ. ಬರ್ನ್ ಪಾಟಿನ ತೂತುಗಳು ಕಟ್ಟಿಕೊಂಡರೆ ಅದು ಕೆಳತುದಿ ಮುಚ್ಚಿದ ಹಾಗೆ. ಬಾಗಿಲಿನ ಗ್ಯಾಸ್ಕೆಟ್ ಹೋಗಿದ್ದರೆ ಅದು ಹರಿದ ಸ್ಟ್ರಾ.

ಈಗ ಸ್ವಿಚ್ಚಿನ ಕಡೆಯಿಂದ ನೋಡಿ. ಪಾಟಿನ ತೂತು ಅಥವಾ ಗಾಳಿ ಒಳಬರುವ ಪೈಪು ಕಟ್ಟಿಕೊಂಡಿದೆ. ಒಲೆಯೊಳಗಿನ ಎಳೆತ ಇಳಿಯುವುದಿಲ್ಲ, ಏರುತ್ತದೆ. ಸ್ವಿಚ್ಚಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆಗರ್ ಪೆಲೆಟ್ ಸುರಿಯುತ್ತಲೇ ಇರುತ್ತದೆ. ಉರಿಯಲು ಗಾಳಿ ಇಲ್ಲ, ಪಾಟು ತುಂಬಿ ಹೊಗೆಯಾಡುತ್ತದೆ. ಆ ಹೊಗೆಗೆ ಒಮ್ಮೆಲೇ ಬೆಂಕಿ ಹತ್ತಿದರೆ ಢಂ ಅನ್ನುತ್ತದೆ. ಹೀಗೆ ತುಂಬಿದ ಪಾಟನ್ನು ಆರಿದ ಮೇಲೆ ಖಾಲಿ ಮಾಡದೆ ಮತ್ತೆ ಸ್ಟಾರ್ಟ್ ಬಟನ್ ಒತ್ತಬೇಡಿ.

ಹೊರಹೋಗುವ ಪೈಪು ಕಟ್ಟಿಕೊಂಡರೆ ಕತೆ ಉಲ್ಟಾ. ಫ್ಯಾನಿಗೆ ತಳ್ಳಲು ಆಗುವುದಿಲ್ಲ, ಹಾಗಾಗಿ ಎಳೆಯಲೂ ಆಗುವುದಿಲ್ಲ. ಎಳೆತ ಇಳಿಯುತ್ತದೆ, ಸ್ವಿಚ್ಚು ಬಿಡುತ್ತದೆ, ಆಗರ್ ನಿಲ್ಲುತ್ತದೆ. ಫ್ಯಾನಿನ ರೆಕ್ಕೆಗೆ ಬೂದಿ ಮೆತ್ತಿಕೊಂಡಿದ್ದರೂ ಹೀಗೇ.

ಗ್ಯಾಸ್ಕೆಟ್ ಸೋರುವುದು ಇವೆರಡರ ನಡುವಿನದು. ಸ್ವಲ್ಪ ಸೋರಿದರೆ ಸ್ವಿಚ್ಚು ಹಿಡಿದುಕೊಂಡಿರುತ್ತದೆ, ಆದರೆ ಗಾಳಿ ಪಾಟಿನ ಕೆಳಗಿನಿಂದ ಬರುವ ಬದಲು ಬಾಗಿಲಿನಿಂದ ಅಡ್ಡದಾರಿ ಹಿಡಿಯುತ್ತದೆ. ಒಲೆಯೊಳಗೆ ಬೇಕಾದಷ್ಟು ಗಾಳಿ, ಪೆಲೆಟ್‌ಗೆ ಮಾತ್ರ ಇಲ್ಲ. ಜಾಸ್ತಿ ಸೋರಿದರೆ ಆಗರ್ ನಿಲ್ಲುತ್ತದೆ. ಒಲೆ ತಣ್ಣಗಿದ್ದಾಗ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ಸುತ್ತಲೂ, ಮೂಲೆಗಳಲ್ಲೂ ನೋಡಿ, ಕೀಲಿನ ಪಕ್ಕ ಬಿಡಬೇಡಿ.

ಇನ್ನೊಂದು ಗಂಟು. ಕೊಳವೆ ಒಲೆಯ ಯಾವ ಜಾಗಕ್ಕೆ ಸೇರಿದೆ ಅಂತ ನೋಡಬೇಕು. ಉರಿಯುವ ಕೋಣೆಗೇ ಸೇರಿದ್ದರೆ ಮೇಲೆ ಹೇಳಿದ್ದೇ ಲೆಕ್ಕ, ಹಿಂಬದಿಯ ಬೂದಿ ದಾರಿ ಕಟ್ಟಿಕೊಂಡರೂ ಎಳೆತ ಇಳಿಯುತ್ತದೆ. ಫ್ಯಾನಿನ ಹತ್ತಿರ, ಬೂದಿ ದಾರಿ ದಾಟಿದ ಮೇಲೆ ಸೇರಿದ್ದರೆ ಅದೇ ಬೂದಿಗೆ ಎಳೆತ ಏರುತ್ತದೆ, ಸ್ವಿಚ್ಚು ಸುಮ್ಮನಿರುತ್ತದೆ. ಒಂದೇ ರೋಗ, ಎರಡು ಮಾಡೆಲ್‌ನಲ್ಲಿ ಎರಡು ಲಕ್ಷಣ. ಒತ್ತಡ ಅಳೆಯುವ ಮ್ಯಾನೋಮೀಟರ್ ಇದ್ದವರು ಅಳತೆ ತೆಗೆದು ಕೈಪಿಡಿಯ ಸಂಖ್ಯೆಗೆ ಹೋಲಿಸಿ. ಆದರೆ 'ಎಳೆತ ಜಾಸ್ತಿ ಇದ್ದರೆ ಒಳ್ಳೆಯದು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಅಳತೆ ತೆಗೆದ ಜಾಗಕ್ಕಿಂತ ಹಿಂದೆ ಏನೋ ಕಟ್ಟಿಕೊಂಡಿರಬಹುದು ಅಂತ ಮೊದಲು ಅನುಮಾನ ಪಡಿ.

ಸ್ವಿಚ್ಚೇ ಕೆಟ್ಟಿದೆಯಾ ಅಂತ ನೋಡಲು ಮೊದಲು ಪ್ಲಗ್ ಕಿತ್ತು ಇಡಿ. ಹಲವು ಮಾಡೆಲ್‌ಗಳಲ್ಲಿ ಅದರಲ್ಲಿ 120 ವೋಲ್ಟ್ ಹರಿಯುತ್ತದೆ. ವೈರು ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. ಕೊಳವೆಯನ್ನು ಒಲೆಯ ಕಡೆಯಿಂದ ಬಿಡಿಸಿ ಬಾಯಲ್ಲಿ ಮೆಲ್ಲಗೆ ಹೀರಿ. ಟಿಕ್ ಅನ್ನಬೇಕು, ಮೀಟರ್ ಕೂಡಿದೆ ಅಂತ ತೋರಿಸಬೇಕು. ಜೋರಾಗಿ ಹೀರಿದರೆ ಪೊರೆ ಹೋಗುತ್ತದೆ. ಸ್ವಿಚ್ಚು ಸರಿ ಇದ್ದರೆ ಕೊಳವೆಯಲ್ಲಿ ಸೀಳು ನೋಡಿ, ಶಾಖಕ್ಕೆ ತುದಿ ಸೀಳುವುದು ಮಾಮೂಲು. ಆಮೇಲೆ ಅದು ಸೇರುವ ಲೋಹದ ತೂತಿಗೆ ತಂತಿ ತೂರಿಸಿ. ಎಷ್ಟೋ ಸಲ ಇಷ್ಟೇ ಇರುತ್ತದೆ, ಒಂದು ಚಿಟಿಕೆ ಬೂದಿ. ಸ್ವಿಚ್ಚಿನ ಎರಡು ವೈರು ಒಟ್ಟು ಸೇರಿಸಿ ಓಡಿಸುವ 'ಐಡಿಯಾ' ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಾಗಿಲು ತೆರೆದಿದ್ದರೂ ಪೆಲೆಟ್ ಸುರಿಯುವ ಒಲೆ ಯಾರಿಗೂ ಬೇಡ.

ಉರಿ ನೋಡಿ ಹೇಳುವುದು

ಸರಿಯಾದ ಉರಿ ಚುರುಕಾಗಿ, ಹಳದಿ-ಬಿಳಿಯಾಗಿ ಇರುತ್ತದೆ. ಗಾಳಿ ಸಾಲದಿದ್ದರೆ ಕಿತ್ತಳೆ ಬಣ್ಣ, ಉದ್ದ, ತುದಿಯಲ್ಲಿ ಕಪ್ಪು, ಸೋಮಾರಿಯಾಗಿ ತೂಗಾಡುತ್ತದೆ. ಗಾಜಿನ ಮೇಲೆ ತಿಳಿಬೂದು ಪುಡಿ ಕೂತರೆ ಪರವಾಗಿಲ್ಲ, ಕಪ್ಪು ಮಸಿ ಕೂತರೆ ಗಾಳಿ ಕಡಿಮೆ. ಗಾಳಿ ಜಾಸ್ತಿಯಾದರೆ ಅರೆಬೆಂದ ಪೆಲೆಟ್ ಪಾಟಿನಿಂದ ಹಾರಿ ಬೀಳುತ್ತದೆ. ಬೂದಿಯ ಗಟ್ಟಿ ಹೆಂಟೆ ಪಾಟಿನಲ್ಲಿ ಪದೇ ಪದೇ ಕಟ್ಟಿದರೆ ಪೆಲೆಟ್ ಚೀಲವನ್ನೂ ನೋಡಿ. ಅಮೆರಿಕದ ಪೆಲೆಟ್ ಉದ್ಯಮದ ಸಂಘವಾದ ಪಿಎಫ್‌ಐನ ಪ್ರೀಮಿಯಂ ದರ್ಜೆಯಲ್ಲಿ ಬೂದಿ 1% ಮೀರಬಾರದು.

ಹೊರಗಿನ ಪೈಪು

ಪ್ರತಿ ತಿರುವೂ ಗಾಳಿಯನ್ನು ತಡೆಯುತ್ತದೆ. ಅದನ್ನು ಅಡಿಯಲ್ಲಿ ಲೆಕ್ಕ ಹಾಕುತ್ತಾರೆ: ಟೀ ಅಥವಾ 90 ಡಿಗ್ರಿ ಎಲ್ಬೋಗೆ 5 ಅಡಿ, 45 ಡಿಗ್ರಿಯದಕ್ಕೆ 3, ಅಡ್ಡ ಪೈಪಿಗೆ ಅಡಿಗೆ 1, ನೇರ ಮೇಲೆ ಹೋಗುವುದಕ್ಕೆ ಅಡಿಗೆ ಅರ್ಧ. ಒಂದು ಟೀ, 6 ಅಡಿ ಮೇಲಕ್ಕೆ, ಒಂದು ಎಲ್ಬೋ, 2 ಅಡಿ ಅಡ್ಡ ಅಂದರೆ 5+3+5+2, ಒಟ್ಟು 15. 3 ಇಂಚಿನ ಪೈಪಿಗೆ ಹಲವು ಕೈಪಿಡಿಗಳು ಕೊಡುವ ಮಿತಿಯೂ 15, ಅದು ದಾಟಿದರೆ 4 ಇಂಚು. ಗೋಡೆಯಾಚೆ ಅಂದಕ್ಕೆ ಅಂತ ಇನ್ನೊಂದು ಎಲ್ಬೋ ಸೇರಿಸಿದರೆ ಆಗಲೇ 20. ಟೀ ಕೆಳಗೆ ಬೂದಿ ತುಂಬುತ್ತದೆ, ಮುಚ್ಚಳ ತೆಗೆದು ಖಾಲಿ ಮಾಡಿ. ಹೊರತುದಿಯ ಜಾಲರಿಯಲ್ಲಿ ಹಕ್ಕಿಗೂಡು, ಕೆಳಗೆ ಹಿಮದ ರಾಶಿ, ಎರಡನ್ನೂ ನೋಡಿ.

ಮನೆಯೇ ಎಳೆಯುತ್ತಿದ್ದರೆ?

ಚಳಿಗಾಲದಲ್ಲಿ ಬಿಸಿಗಾಳಿ ಮೇಲಿನ ಮಹಡಿಯಿಂದ ಸೋರಿ ಹೋಗುತ್ತದೆ. ಆ ಜಾಗ ತುಂಬಲು ಮನೆ ಕೆಳಗಿನಿಂದ ಗಾಳಿ ಎಳೆಯುತ್ತದೆ. ಬೇಸ್‌ಮೆಂಟಿನ ಫರ್ನೇಸಿಗೆ ಇದೇ ದೊಡ್ಡ ಕಾಟ. ಮೇಲೆ ನಮ್ಮವರ ಅಡುಗೆಮನೆ ಬೇರೆ. ಒಗ್ಗರಣೆ ಘಾಟಿಗೆ ಹುಡ್ಡನ್ನು ಜೋರಿಗೆ ತಿರುಗಿಸುತ್ತೇವೆ ಅಲ್ವಾ? ದೊಡ್ಡ ಹುಡ್ಡು ನಿಮಿಷಕ್ಕೆ 400 ಘನ ಅಡಿಗಿಂತ ಜಾಸ್ತಿ ಗಾಳಿ ಹೊರಹಾಕುತ್ತದೆ. ಜೊತೆಗೆ ಬಟ್ಟೆ ಡ್ರೈಯರ್ ಓಡುತ್ತಿದ್ದರೆ ಫರ್ನೇಸಿಗೆ ಪಾಪ ಏನು ಉಳಿಯುತ್ತದೆ. ಸಂಜೆ ಅಡುಗೆ ಹೊತ್ತಿಗೆ ಮಾತ್ರ ಉರಿ ಸೊರಗಿದರೆ ಫರ್ನೇಸ್ ಬಿಚ್ಚಬೇಡಿ, ಹುಡ್ಡು ಆಫ್ ಮಾಡಿ ನೋಡಿ.

ಕರೆಂಟ್ ಹೋದರೂ ಇದೇ ಎಳೆತ ಕಾಡುತ್ತದೆ. ಫ್ಯಾನ್ ನಿಂತಿರುತ್ತದೆ, ಪಾಟಿನಲ್ಲಿ ಇನ್ನೂ ಕೆಂಡ ಇರುತ್ತದೆ, ಹೊಗೆ ಮನೆಯೊಳಗೆ ತಿರುಗುತ್ತದೆ. ಪೈಪು ಕೆಲವು ಅಡಿ ನೇರ ಮೇಲೆ ಹೋಗಿದ್ದರೆ ತಾನಾಗಿಯೇ ಸ್ವಲ್ಪ ಎಳೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಸ್‌ಮೆಂಟಿನಲ್ಲೂ ಮಲಗುವ ಕಡೆಯೂ ಬೇಕೇ ಬೇಕು.

ಫರ್ನೇಸ್ ಕೋಣೆಯ ಗಾಳಿಯನ್ನೇ ಬಳಸುತ್ತಿದ್ದರೆ ಬೇಸ್‌ಮೆಂಟ್ ಕಿಟಕಿ ಎರಡು ಇಂಚು ತೆರೆದು ಸ್ವಲ್ಪ ಹೊತ್ತು ಉರಿ ನೋಡಿ. ಚುರುಕಾದರೆ ಹೊರಗಿನ ಗಾಳಿ ತರುವ ಪೈಪು ಹಾಕಿಸಬೇಕು. ಆ ಪೈಪು ಮೊದಲೇ ಇದ್ದರೆ ಕಿಟಕಿ ಪರೀಕ್ಷೆ ಏನೂ ಹೇಳುವುದಿಲ್ಲ. ಆಗ ಪೈಪನ್ನು ಫರ್ನೇಸಿನ ಕಡೆಯಿಂದ ಸ್ವಲ್ಪ ಹೊತ್ತು ಬಿಡಿಸಿ. ಉರಿ ಏರಿದರೆ ಪೈಪಿನ ಹೊರತುದಿಯ ಜಾಲರಿಗೆ ಹೋಗಿ, ಎಲೆಯೋ ಹಿಮವೋ ಅಲ್ಲಿ ಕೂತಿರುತ್ತದೆ. ಏರದಿದ್ದರೆ ಬರ್ನ್ ಪಾಟ್ ಎತ್ತಿ ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ.